ಯಾರ ಪೈಕಿ?

ನಮ್ಮ ಕಡೆ ಬ್ಯಾಂಕಿನವರು ಕೆವೈಸಿ ಅನ್ನೋದಕ್ಕಿಂತ ಮೊದಲೇ ಕೆವೈಸಿ ಇತ್ತು. ಬೈಲಹೊಂಗಲದ ಸಂತೆಯಲ್ಲಿ ಹೊಸ ಮುಖ ಕಂಡರೆ ಮೊದಲ ಪ್ರಶ್ನೆ, "ಯಾರ ಪೈಕಿನಪಾ ನೀ?" ಅಪ್ಪನ ಹೆಸರು, ಊರು, ಅಡ್ಡಹೆಸರು, ಹೊಲ ಯಾವ ಹಳ್ಳದ ದಂಡೆಗಿದೆ ಅಂತ ಹೇಳುವಷ್ಟರಲ್ಲಿ ವೆರಿಫಿಕೇಶನ್ ಮುಗೀತು. ಓಸಿ ಬರೆಯುವವನಿಗೂ ಅಷ್ಟೇ ಸಾಕಾಗುತ್ತಿತ್ತು. ಚೀಟಿಯಲ್ಲಿ ನಂಬರ್ ಬರೆಯುವ ಮೊದಲೇ ನೀವು ಯಾರೆಂದು ಅವನಿಗೆ ಗೊತ್ತು, ನಂಬರ್ ಹತ್ತಿದರೆ ಅವನ ಮನೆ ಎಲ್ಲಿದೆ ಅಂತ ನಿಮಗೂ ಗೊತ್ತು. ಓಸಿಯನ್ನು ಹೊಗಳುತ್ತಿಲ್ಲ, ಅದರಿಂದ ಹೊಲ ಮಾರಿದ ಮನೆಗಳನ್ನು ನೋಡಿಯೇ ಬೆಳೆದವನು ನಾನು. ಆದರೆ ಗುರುತು ಎರಡೂ ಕಡೆಗಿತ್ತು.

ಪಂಚಮಿಗೆ ನಿಂಬೆಹಣ್ಣು ಎಸೆಯುವ ಪಣ, ದೀಪಾವಳಿಗೆ ಕಂಬಳಿ ಹಾಸಿ ಅಂದರ್ ಬಾಹರ್. ಅದೇ ಅಂದರ್ ಬಾಹರ್ ಈಗ ಯಾವುದೋ ದೇಶದ ಸ್ಟುಡಿಯೋದಿಂದ ಮೊಬೈಲಿಗೆ ಲೈವ್ ಬರುತ್ತದೆ. ಕಂಬಳಿ ಮೇಲೆ ಕೂತವರನ್ನು ಹಿಡಿದ ಸುದ್ದಿ ಇವತ್ತಿಗೂ ಪೇಪರಿನಲ್ಲಿ "ಅಡ್ಡೆ ಮೇಲೆ ದಾಳಿ" ಅಂತ ಬರುತ್ತೆ. ಮೊಬೈಲಿನ ಕಂಬಳಿಗೆ ಮೂಲೆಗಳೇ ಇಲ್ಲ.

ಸವದತ್ತಿ ತಾಲೂಕಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ಇದನ್ನು ಆಡುತ್ತಿದ್ದ. ದೊಡ್ಡ ಜೂಜುಕೋರನಲ್ಲ. ರಾತ್ರಿ ಹೊಲಕ್ಕೆ ನೀರು ಬಿಟ್ಟು, ಕರೆಂಟ್ ಹೋಗುವವರೆಗೆ ಕಾಯುತ್ತಾ ನೂರು, ಇನ್ನೂರು ಹಾಕುವವ. ಒಂದು ವಾರ ಅದೃಷ್ಟ ಹತ್ತಿ ಖಾತೆಯಲ್ಲಿ 1,840 ರೂಪಾಯಿ ಆಯಿತು. ವಿತ್‌ಡ್ರಾ ಒತ್ತಿದ. ಆಧಾರ್ ಎರಡೂ ಬದಿ ಕೇಳಿದರು. ಪ್ಯಾನ್ ಕೇಳಿದರು. ಪಾಸ್‌ಬುಕ್ಕಿನ ಮೊದಲ ಪುಟ, ಆಮೇಲೆ ಮುಖ ಎಡಕ್ಕೆ ಬಲಕ್ಕೆ ತಿರುಗಿಸುವ ವಿಡಿಯೋ. ಎಲ್ಲ ಕೊಟ್ಟ ಮೇಲೆ ಉತ್ತರ: ಹೆಸರು ಹೊಂದುತ್ತಿಲ್ಲ.

ಹೆಂಗೆ ಹೊಂದಬೇಕು? ನಮ್ಮ ಕಡೆಯವರ ಹೆಸರಲ್ಲಿ ಮೂರು ತುಂಡು: ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಆಧಾರದಲ್ಲಿ ಮೂರೂ ಇದೆ, ಪ್ಯಾನ್‌ನಲ್ಲಿ ಅಡ್ಡಹೆಸರು ಮುಂದೆ ಬಂದಿದೆ, ಪಾಸ್‌ಬುಕ್ಕಿನಲ್ಲಿ ಅಪ್ಪ ಬರೀ ಒಂದು ಇನಿಶಿಯಲ್. ಅವನು ನನಗೆ ಫೋನ್ ಮಾಡಿದ: "ಅಣ್ಣಾ, ರೊಕ್ಕ ಹಾಕೂಮುಂದ ಯಾರೂ ಹೆಸರ ಕೇಳಲಿಲ್ಲ. ತಗೋಳೂಮುಂದ ನನ್ನ ಕುಂಡಲಿನ ಕೇಳಾಕತ್ತಾರ."

ನಾನು ಬೆಂಗಳೂರಿನಲ್ಲಿ ಇಂಥ ಪೇಮೆಂಟ್ ಸಾಫ್ಟ್‌ವೇರ್ ಮೇಲೇ ಕೆಲಸ ಮಾಡುವವನು, ಹಾಗಾಗಿ ಒಂದು ಮಾತು ಹೇಳಬಲ್ಲೆ. ಖಾತೆ ಯಾರದು ಅಂತ ತಿಳಿಯೋದು ಕಷ್ಟವೇನಲ್ಲ. ಪೆನ್ನಿ ಡ್ರಾಪ್ ಅಂತಾರೆ. ಖಾತೆಗೆ ಒಂದು ರೂಪಾಯಿ ಕಳಿಸಿದರೆ ಬ್ಯಾಂಕು ಖಾತೆದಾರನ ಹೆಸರನ್ನು ವಾಪಸ್ ಹೇಳುತ್ತೆ, ಕೆಲವೇ ಸೆಕೆಂಡಿನ ಕೆಲಸ. ಇದನ್ನು ಮೊದಲ ನೂರು ರೂಪಾಯಿ ತಗೊಳ್ಳುವ ಮುಂಚೆಯೂ ಮಾಡಬಹುದು. ಮಾಡಲ್ಲ. ಶುರುವಿನಲ್ಲಿ ಕೇಳುವ ಒಂದೊಂದು ಪ್ರಶ್ನೆಗೂ ಒಂದಷ್ಟು ಗಿರಾಕಿಗಳು ಓಡಿಹೋಗ್ತಾರೆ, ಕೊನೆಯಲ್ಲಿ ಕೇಳುವ ಪ್ರಶ್ನೆಗೆ ದುಡ್ಡು ಒಳಗೇ ಉಳಿಯುತ್ತೆ. 1,840ಕ್ಕೋಸ್ಕರ ನಾಲ್ಕು ಸಲ ಫೋಟೋ ಕಳಿಸಿ ಬೇಸತ್ತವನು, ವಿತ್‌ಡ್ರಾ ರದ್ದು ಮಾಡಿ ಅದನ್ನೇ ಮತ್ತೆ ಆಡಿಬಿಡ್ತಾನೆ. ಬ್ರಿಟನ್ನಿನ ಗ್ಯಾಂಬ್ಲಿಂಗ್ ಕಮಿಷನ್ ಈ ಆಟವನ್ನು ಗುರುತಿಸಿ, ಆನ್‌ಲೈನ್‌ನಲ್ಲಿ ಆಡಲು ಬಿಡುವ ಮೊದಲೇ ಹೆಸರು, ವಿಳಾಸ, ಹುಟ್ಟಿದ ದಿನ ಪರಿಶೀಲಿಸಬೇಕು ಅಂತ 2019ರ ಮೇ 7ರಿಂದ ನಿಯಮ ಮಾಡಿತು.

ನಮ್ಮಲ್ಲೂ ರಮ್ಮಿ, ಫ್ಯಾಂಟಸಿ ಕ್ರಿಕೆಟ್ಟಿನ ದೇಶಿ ಕಂಪನಿಗಳು ಪ್ಯಾನ್ ಕೇಳುತ್ತಿದ್ದವು. 2023ರ ಏಪ್ರಿಲ್‌ನಿಂದ ಗೆದ್ದ ನಿವ್ವಳ ಹಣದಲ್ಲಿ 30 ಪರ್ಸೆಂಟ್ ಟಿಡಿಎಸ್, ಅದೇ ಅಕ್ಟೋಬರ್ 1ರಿಂದ 28 ಪರ್ಸೆಂಟ್ ಜಿಎಸ್‌ಟಿ. ಕರ್ನಾಟಕ 2021ರಲ್ಲಿ ತಂದಿದ್ದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ತಳ್ಳಿಹಾಕಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡಿನ ಆನ್‌ಲೈನ್ ಆಟವನ್ನೇ ನಿಷೇಧಿಸಿತು, 22ಕ್ಕೆ ರಾಷ್ಟ್ರಪತಿ ಅಂಕಿತವೂ ಬಿತ್ತು. ಆಡಿಸುವವರಿಗೆ ಶಿಕ್ಷೆ, ಅವರಿಗೆ ಪೇಮೆಂಟ್ ಒದಗಿಸುವವರಿಗೆ ಶಿಕ್ಷೆ, ಆಡುವವನಿಗೆ ಇಲ್ಲ. ಆ ಮಟ್ಟಿಗೆ ಒಳ್ಳೇ ಕಾನೂನು ಅಂತಲೇ ನನ್ನ ಅಭಿಪ್ರಾಯ. ಪ್ಯಾನ್ ಕೇಳುತ್ತಿದ್ದ ದೇಶಿ ಕಂಪನಿಗಳು ದುಡ್ಡಿನ ಆಟ ನಿಲ್ಲಿಸಿದವು. ನನ್ನ ತಮ್ಮನ ಆ್ಯಪ್ ಮಾತ್ರ ಹೊಸ ಲಿಂಕ್ ಕಳಿಸಿ ಮೊದಲಿನಂತೆಯೇ ನಡೀತು.

ಅವನ ಯುಪಿಐ ಹಿಸ್ಟರಿ ತರಿಸಿ ನೋಡಿದೆ. ಹನ್ನೊಂದು ಸಲ ದುಡ್ಡು ಹಾಕಿದ್ದಾನೆ, ಏಳು ಬೇರೆ ಬೇರೆ ಹೆಸರಿಗೆ. ಒಂದು ಟ್ರೇಡರ್ಸ್, ಒಂದು ಕಿರಾಣಿ ಅಂಗಡಿ, ಉಳಿದವೆಲ್ಲ ಮನುಷ್ಯರ ಹೆಸರು. ಆ್ಯಪಿನ ಹೆಸರು ಒಂದರಲ್ಲೂ ಇಲ್ಲ. ಇವು ಮ್ಯೂಲ್ ಖಾತೆಗಳು. ಯಾರೋ ಹುಡುಗ ತನ್ನ ಪಾಸ್‌ಬುಕ್, ಎಟಿಎಂ, ಸಿಮ್ ಸಮೇತ ಖಾತೆಯನ್ನು ಬಾಡಿಗೆಗೆ ಕೊಟ್ಟಿರ್ತಾನೆ. ಕೆವೈಸಿ ಎಲ್ಲ ಸರಿಯಾಗಿಯೇ ಆಗಿರುತ್ತೆ, ಆದರೆ ನಡೆಸುವವನು ಬೇರೆ. ಇಂಥ ಖಾತೆ ಪತ್ತೆಹಚ್ಚಲಿಕ್ಕೇ ರಿಸರ್ವ್ ಬ್ಯಾಂಕಿನ ಬೆಂಗಳೂರಿನ ಇನ್ನೋವೇಶನ್ ಹಬ್ 'ಮ್ಯೂಲ್‌ಹಂಟರ್' ಅನ್ನೋ ವ್ಯವಸ್ಥೆ ಮಾಡಿದೆ. ರಾಮದುರ್ಗದ ಗೆಳೆಯನೊಬ್ಬ ಹೇಳಿದ: ಕೆಲಸ ಇಲ್ಲದ ಡಿಗ್ರಿ ಹುಡುಗರಿಗೆ "ಖಾತೆ ಕೊಟ್ರ ತಿಂಗಳಾ ಬಾಡಿಗೆ" ಅಂತ ಮೆಸೇಜು ಬರ್ತಾವಂತೆ. ಕಿತ್ತೂರಿನ ಕಡೆಯ ಹುಡುಗರಿಗೂ ಬಂದಿದೆಯಂತೆ.

ಕೊನೆಗೆ 1,840 ಬಂತು, ಅದೂ ಯಾರೋ ವ್ಯಕ್ತಿಯ ಖಾತೆಯಿಂದ. ಇವನು ಖುಷಿಯಾಗಿ ಫೋನ್ ಮಾಡಿದ್ದ. ಮೂರು ವಾರಕ್ಕೆ ಎಟಿಎಂನಲ್ಲಿ ದುಡ್ಡು ಬರಲಿಲ್ಲ. ಬ್ಯಾಂಕಿಗೆ ಹೋದರೆ, ಬೇರೆ ರಾಜ್ಯದ ಸೈಬರ್ ಠಾಣೆಯಿಂದ ಸೂಚನೆ ಬಂದು ಖಾತೆ ತಡೆದಿದ್ದೇವೆ ಅಂದರು. ಅಲ್ಲಿ ಯಾರೋ ಮೋಸ ಹೋಗಿ 1930ಕ್ಕೆ ಫೋನ್ ಮಾಡಿದ್ದಾರೆ, ಅವರ ದುಡ್ಡು ಐದಾರು ಖಾತೆ ದಾಟಿ ಒಂದು ಚೂರು ಇವನ ಹತ್ತಿರ ಬಂದಿದೆ. ಆ ಚೂರಿಗೆ ಖಾತೆ ಪೂರ್ತಿ ಬಂದ್. ಅದರಲ್ಲಿ ಆಗಷ್ಟೇ ಬಂದ ಕಬ್ಬಿನ ಬಿಲ್ಲಿತ್ತು.

ಮ್ಯಾನೇಜರ್ ಒರಟನಲ್ಲ. ನೋಟಿಸಿನ ನಂಬರ್ ಕೊಟ್ಟು, ಆ ಠಾಣೆಗೆ ಬರೆಯಿರಿ ಅಂದರು. ಪತ್ರ ನಾನೇ ಬರೆದೆ, ಹಿಂದಿಯಲ್ಲೊಂದು, ಇಂಗ್ಲಿಷಿನಲ್ಲೊಂದು: 1,840 ತಡೆದಿಟ್ಟುಕೊಳ್ಳಿ, ಉಳಿದ ಬೆಳೆಯ ದುಡ್ಡು ಬಿಡಿ, ಇದು ಕಾರ್ಖಾನೆಯ ರಸೀದಿ. ಜೊತೆಗೆ ಆಧಾರ್, ಪ್ಯಾನ್, ಪಾಸ್‌ಬುಕ್ ಮತ್ತೊಮ್ಮೆ. ಮೂರರಲ್ಲೂ ಇರುವವನು ಒಬ್ಬನೇ ಅಂತ ನೂರು ರೂಪಾಯಿ ಬಾಂಡಿನ ಮೇಲೆ ಅಫಿಡವಿಟ್. ಎರಡು ತಿಂಗಳಾಯಿತು. ಬೀಜ, ಗೊಬ್ಬರಕ್ಕೆ ಚಿಕ್ಕಮ್ಮ ಸ್ವಸಹಾಯ ಸಂಘದಲ್ಲಿ ಸಾಲ ತೆಗೆದಿದ್ದಾಳೆ. ಯಾಕೆ ಅಂತ ಸಂಘದವರು ಕೇಳಿದ್ದಕ್ಕೆ ಮಗನ ಹೆಸರು ಹೇಳಿಲ್ಲ.