ದೊಡ್ಡದಿರುವಾಗಲೇ ಹೆಕ್ಕೋಣ

ನಮ್ಮ ಊರು ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಹೊಳೆಯ ದಂಡೆಯ ಮೇಲಿದೆ. ಈ ಹೊಳೆ ಶಿರಸಿ ಕಡೆ ಹುಟ್ಟಿ ನಮ್ಮಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. 2024ರಲ್ಲಿ ನಮ್ಮ ಅಳಿವೆಯನ್ನು ರಾಮ್ಸರ್ ಪಟ್ಟಿಗೆ ಸೇರಿಸಿದರು. ಅಂದರೆ ಇದು ಇಡೀ ಪ್ರಪಂಚಕ್ಕೇ ಮುಖ್ಯವಾದ ಜೌಗು ಪ್ರದೇಶ ಎಂದು ಅರ್ಥ.

ಇಳಿತ ಆದಾಗ ನಮ್ಮ ಆಯಿ ಮತ್ತು ಕೇರಿಯ ಹೆಂಗಸರು ಹೊಳೆಗೆ ಇಳಿದು ಬಳಚು ತೆಗೆಯುತ್ತಾರೆ. ಅದನ್ನು ಮಾರಿದ ದುಡ್ಡಲ್ಲೇ ನನ್ನ ಪಟ್ಟಿ, ಪೆನ್ನು ಬರುತ್ತದೆ. ಬಳಚು ನೀರನ್ನು ಒಳಗೆ ಎಳೆದುಕೊಂಡು ಅದರಲ್ಲಿರುವ ಸಣ್ಣ ಆಹಾರವನ್ನು ಸೋಸಿ ತಿನ್ನುತ್ತದೆ. ಆದ್ದರಿಂದ ನೀರಲ್ಲಿ ಏನಿದೆಯೋ ಅದು ಬಳಚಿನ ಹೊಟ್ಟೆಗೂ ಹೋಗುತ್ತದೆ.

5 ಮಿಲಿಮೀಟರಿಗಿಂತ ಸಣ್ಣ ಪ್ಲಾಸ್ಟಿಕ್ ಚೂರಿಗೆ ಮೈಕ್ರೋಪ್ಲಾಸ್ಟಿಕ್ ಎನ್ನುತ್ತಾರೆ ಎಂದು ನಮ್ಮ ಅಕ್ಕೋರು ಹೇಳಿಕೊಟ್ಟರು. ಎಲೆ ಬಿದ್ದರೆ ಕೊಳೆತು ಗೊಬ್ಬರವಾಗುತ್ತದೆ. ಪ್ಲಾಸ್ಟಿಕ್ ಕೊಟ್ಟೆ ಹಾಗಲ್ಲ. ಬಿಸಿಲಿಗೆ ಒಣಗಿ, ತೆರೆಗೆ ಉಜ್ಜಿ ಚೂರುಚೂರಾಗುತ್ತದೆ, ಆದರೆ ಚೂರು ಪ್ಲಾಸ್ಟಿಕ್ಕಾಗಿಯೇ ಉಳಿಯುತ್ತದೆ. ಹಳೇ ನೈಲಾನ್ ಬಲೆ ಸವೆದಾಗ, ಪಾಲಿಯೆಸ್ಟರ್ ಬಟ್ಟೆ ಒಗೆದಾಗ ಕೂಡ ಕಣ್ಣಿಗೆ ಕಾಣದಂಥ ನೂಲು ನೀರಿಗೆ ಹೋಗುತ್ತದೆ.

ನಾವು ಒಂದು ಪ್ರಯೋಗ ಮಾಡಿದೆವು. ಬಕೆಟ್ ನೀರಿಗೆ ಕರಗುವಷ್ಟೂ ಉಪ್ಪು ಹಾಕಿ, ದಂಡೆಯ ಮರಳನ್ನು ಸುರಿದು ಕಲಕಿದೆವು. ಮರಳು ತಳಕ್ಕೆ ಕುಳಿತಿತು. ಮೇಲೆ ಕಸ ತೇಲಿತು. ಅದರಲ್ಲಿ ನೀಲಿ, ಹಸಿರು ಬಲೆಯ ನೂಲು ಮತ್ತು ಥರ್ಮೋಕೋಲ್ ಕಾಳು ಇದ್ದವು. ಎಣಿಸಿದರೆ 23!

ಮನೆಗೆ ಹೋಗಿ ಹೇಳಿದೆ. ಆಯಿ, "ಬಳಚು ತಂದು ಉಪ್ಪುನೀರಲ್ಲಿ ಇಟ್ರೆ ಮರಳೆಲ್ಲ ಉಗುಳ್ತದಲ್ಲ, ಇದನ್ನೂ ಉಗುಳೂದಿಲ್ವಾ?" ಎಂದು ಕೇಳಿದಳು. ಮರುದಿನ ಅಕ್ಕೋರನ್ನು ಕೇಳಿದೆ. "ಸ್ವಲ್ಪ ಹೋಗ್ತದೆ, ಎಲ್ಲಾ ಹೋಗೂದಿಲ್ಲ" ಎಂದರು. ಆಗ ಆಯಿ, "ನೀ ಇದನ್ನ ಗೋಡೆಗೆ ಬರದ್ರೆ ನಾಳೆ ನಮ್ಮ ಬಳಚು ಯಾರು ತಕಳ್ತಾರೆ?" ಎಂದಳು. ಎರಡು ದಿನ ನನಗೆ ಬರೆಯಲು ಮನಸ್ಸೇ ಬರಲಿಲ್ಲ.

ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ತಪ್ಪು ಬಳಚಿನದಲ್ಲ. ಈ ಚೂರುಗಳು ಮೀನಿನಲ್ಲಿ, ಉಪ್ಪಿನಲ್ಲಿ, ಬಾಟಲಿ ನೀರಿನಲ್ಲೂ ಸಿಕ್ಕಿವೆ. ಬಳಚು ತಿನ್ನುವುದನ್ನು ಬಿಟ್ಟರೆ ಆಯಿಯ ಕೆಲಸ ಹೋಗುತ್ತದೆ, ಪ್ಲಾಸ್ಟಿಕ್ ಹೋಗುವುದಿಲ್ಲ.

2025ರ ಮೇ 25ರಂದು ಕೇರಳದ ಕೊಚ್ಚಿ ಹತ್ತಿರ ಎಂ.ಎಸ್.ಸಿ. ಎಲ್ಸಾ-3 ಎಂಬ ಹಡಗು ಮುಳುಗಿತು. ಅದರಲ್ಲಿದ್ದ ಬಿಳಿ ಪ್ಲಾಸ್ಟಿಕ್ ಕಾಳುಗಳು ತಿರುವನಂತಪುರದ ದಂಡೆಗೂ, ತಮಿಳುನಾಡಿಗೂ ತೇಲಿ ಬಂದವು. ಅಕ್ಕಿಕಾಳಿನ ಹಾಗೆ ಮರಳಲ್ಲಿ ಸೇರಿಹೋದದ್ದನ್ನು ಜನ ಹೆಕ್ಕಬೇಕಾಯಿತು. ಎಷ್ಟು ಕಷ್ಟ ನೋಡಿ! ಆದ್ದರಿಂದ ಪ್ಲಾಸ್ಟಿಕ್ ದೊಡ್ಡದಿರುವಾಗಲೇ ಹೆಕ್ಕಬೇಕು. ಒಂದು ಕೊಟ್ಟೆಗೆ ಒಮ್ಮೆ ಬಗ್ಗಿದರೆ ಸಾಕು. ಅದು ಸಾವಿರ ಚೂರಾದ ಮೇಲೆ ಸಾವಿರ ಸಲ ಬಗ್ಗಿದರೂ ಮುಗಿಯುವುದಿಲ್ಲ.

ನಾವು ಮಾಡಬಹುದಾದದ್ದು:

1. ಹರಿದ ಬಲೆಯ ತುಂಡನ್ನು ಹೊಳೆಗೆ ಎಸೆಯದೆ ದೋಣಿಯಲ್ಲೇ ಒಂದು ಚೀಲದಲ್ಲಿ ಹಾಕಿ ತರುವುದು.
2. ಮೀನು ತರಲು ಡಬ್ಬಿ ಒಯ್ಯುವುದು.
3. ಮಳೆಗಾಲಕ್ಕೆ ಮೊದಲು ಗಟಾರ ಚೊಕ್ಕ ಮಾಡುವುದು. ಮೊದಲ ಮಳೆಗೆ ಗಟಾರದ ಕಸವೆಲ್ಲ ಹೊಳೆಗೇ ಬರುತ್ತದೆ.
4. ಹೆಕ್ಕಿದ್ದನ್ನು ಸುಡದೆ ಪಂಚಾಯತಿಯ ಕಸದ ಗಾಡಿಗೆ ಕೊಡುವುದು. ಸುಟ್ಟರೆ ವಿಷದ ಹೊಗೆ ಬರುತ್ತದೆ.

ಕಾಂಡ್ಲಾ ಗಿಡದ ಬೇರುಗಳಲ್ಲಿ ಬಹಳ ಕೊಟ್ಟೆಗಳು ಸಿಕ್ಕಿಕೊಂಡಿವೆ. ಅವು ಇನ್ನೂ ದೊಡ್ಡದಾಗಿಯೇ ಇವೆ. ಬರುವ ಶನಿವಾರ ಶಾಲೆ ಬಿಟ್ಟ ಮೇಲೆ, ಇಳಿತದ ಹೊತ್ತಿಗೆ, ನಮ್ಮ ತರಗತಿಯವರು ಅಕ್ಕೋರ ಜೊತೆ ಹೆಕ್ಕಲು ಹೋಗುತ್ತೇವೆ. ಐದು, ಆರನೇ ತರಗತಿಯವರೂ ಬನ್ನಿ. ಬರುವಾಗ ಒಂದೊಂದು ಗೋಣಿಚೀಲ ತನ್ನಿ.

— 7ನೇ ತರಗತಿ