ಹಳೆಯ ಗಾಲಿಗೆ ಹೊಸ ಕೀಲು

ಶಾಲೆಯ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ನಾನು ಸಂಧಿ ಸಮಾಸಗಳನ್ನೋ ಛಂದಸ್ಸಿನ ಗಣವಿಭಾಗವನ್ನೋ ಕುರಿತು ನಾಲ್ಕು ಮಾತು ಬರೆಯುವೆನೆಂದೇ ಅವರು ಭಾವಿಸಿರಬೇಕು. ಇಪ್ಪತ್ತೆಂಟು ವರ್ಷಗಳಿಂದ ಅದನ್ನೇ ಪಾಠ ಹೇಳುತ್ತ ಬಂದವನು ನಾನು. ಆದರೆ ಈ ಸಲ ವಾಚಕರ ಮುಂದಿಡಲು ಹೊರಟಿರುವುದು ಹಳೆಯ ಮೋಟಾರು ವಾಹನವೊಂದರ ಗಾಲಿ, ಕೀಲು, ಹಲ್ಲುಚಕ್ರಗಳ ವಿಷಯ. ವಿದ್ವತ್ ಪದವಿಗೂ ಎಂಜಿನ್ನಿನ ಎಣ್ಣೆಗೂ ಏನು ನಂಟು ಎಂದು ಹುಬ್ಬೇರಿಸುವವರು ಕೊಂಚ ತಾಳ್ಮೆಯಿಂದ ಓದಬೇಕೆಂದು ವಿನಂತಿಸುತ್ತೇನೆ.

2023ರ ಫೆಬ್ರವರಿಯಿಂದ ಮೂರು ತಿಂಗಳ ಕಾಲ ನಾನು ಆಸ್ಟ್ರೇಲಿಯದ ವಿಕ್ಟೋರಿಯಾ ರಾಜ್ಯದಲ್ಲಿ ಮಗಳ ಮನೆಯಲ್ಲಿದ್ದೆ. ಅಲ್ಲಿಯ ಪರ್ವತ ಸೀಮೆಯ ಬಾಗಿಲಿನಂತಿರುವ ಮ್ಯಾನ್ಸ್‌ಫೀಲ್ಡ್ ಎಂಬ ಊರಿನ ಬಳಿ ನಮ್ಮ ಶಾಲೆಯಲ್ಲೇ ಓದಿದ ಒಬ್ಬನು ವಾಹನ ದುರಸ್ತಿಯ ಕಾರ್ಯಾಗಾರವನ್ನು ನಡೆಸುತ್ತಾನೆ. ಹೆಸರು ಬರೆಯಬಾರದೆಂದು ಅವನು ಬೇಡಿಕೊಂಡಿರುವುದರಿಂದ ಬರೆಯುವುದಿಲ್ಲ. ವಾರಕ್ಕೆ ಎರಡು ಮೂರು ದಿನ ಅವನ ಕಾರ್ಯಾಗಾರದಲ್ಲಿ ಕುಳಿತು ಕೆಲಸ ನೋಡುವುದು ನನಗೆ ಅಭ್ಯಾಸವಾಯಿತು. ಆಗ ಅವನ ಕೈಯಲ್ಲಿದ್ದುದು ಸುಬಾರು ಕಂಪನಿಯ 'ಬ್ರಂಬಿ' ಎಂಬ ಹಳೆಯ ವಾಹನ. ಮುಂದೆ ಇಬ್ಬರು ಕೂಡುವಷ್ಟು ಸ್ಥಳ, ಹಿಂದೆ ಸಾಮಾನು ಹೇರುವ ತೆರೆದ ತೊಟ್ಟಿ. ಅಲ್ಲಿಯ ಬೆಟ್ಟಗಳಲ್ಲಿ ಲಗಾಮಿಲ್ಲದೆ ತಿರುಗುವ ಕಾಡುಕುದುರೆಗಳಿಗೆ ಬ್ರಂಬಿ ಎಂದು ಹೆಸರು. 1978ರಿಂದ 1994ರವರೆಗೆ ಈ ವಾಹನ ಆ ದೇಶದಲ್ಲಿ ಮಾರಾಟವಾಯಿತು.

ಸುಬಾರು ಎಂಬುದು ಜಪಾನೀ ಭಾಷೆಯಲ್ಲಿ ಕೃತ್ತಿಕಾ ನಕ್ಷತ್ರಪುಂಜದ ಹೆಸರು. ಒಂದುಗೂಡು ಎಂಬ ಅರ್ಥವೂ ಅದಕ್ಕುಂಟು. ಐದು ಕಂಪನಿಗಳು ಕೂಡಿ ಫ್ಯೂಜಿ ಹೆವಿ ಇಂಡಸ್ಟ್ರೀಸ್ ಎಂಬ ದೊಡ್ಡ ಸಂಸ್ಥೆಯಾದುದರ ಗುರುತಿಗೆ ಲಾಂಛನದಲ್ಲಿ ಐದು ಸಣ್ಣ ನಕ್ಷತ್ರ, ಒಂದು ದೊಡ್ಡ ನಕ್ಷತ್ರ. ನಮ್ಮಲ್ಲಿಯೂ ಕೃತ್ತಿಕೆಯರು ಆರು ಮಂದಿಯೇ. ಅವರು ಸಾಕಿದ್ದರಿಂದ ಕುಮಾರಸ್ವಾಮಿಗೆ ಷಾಣ್ಮಾತುರನೆಂಬ ಹೆಸರು. ಈ ಮಾತನ್ನು ಹೇಳಿದಾಗ ಶಿಷ್ಯನು ಕೈಯಲ್ಲಿದ್ದ ಪಾನಾ ಕೆಳಗಿಟ್ಟು, "ಇಷ್ಟು ವರ್ಷ ಈ ಆರು ಚುಕ್ಕಿ ಒರಸಿಕೋತ ಬಂದೇನ್ರಿ ಗುರುಗಳ, ಅರ್ಥ ಇವತ್ತು ತಿಳೀತ ನೋಡ್ರಿ" ಎಂದು ನಕ್ಕನು.

ಈ ವಾಹನಕುಲದ ಹುಟ್ಟೇ ಒಂದು ಮಾರ್ಪಾಟಿನಿಂದ ಆದುದೆಂಬುದು ಸ್ವಾರಸ್ಯದ ಸಂಗತಿ. ಜಪಾನಿನ ಈಶಾನ್ಯಕ್ಕೆ ತೊಹೊಕು ಎಂಬ ಹಿಮ ಬೀಳುವ ಸೀಮೆ. ಅಲ್ಲಿಯ ವಿದ್ಯುತ್ ಕಂಪನಿಯ ಕೆಲಸಗಾರರು ಚಳಿಗಾಲದಲ್ಲಿ ಬೆಟ್ಟ ಹತ್ತಿ ತಂತಿಗಳನ್ನು ನೋಡಿಕೊಳ್ಳಬೇಕಿತ್ತು. ಜೀಪಿನಂತೆ ಹಿಮವನ್ನು ದಾಟಬೇಕು, ಕಾರಿನಂತೆ ಸುಖವಾಗಿಯೂ ಇರಬೇಕು ಎಂಬುದು ಅವರ ಬೇಡಿಕೆ. ಮಿಯಾಗಿ ಪ್ರಾಂತದ ಸುಬಾರು ಮಾರಾಟಗಾರರು ಮುಂದಿನ ಗಾಲಿಗಳಿಂದ ಮಾತ್ರ ಎಳೆಯುತ್ತಿದ್ದ ಒಂದು ಸಾಮಾನ್ಯ ವಾಹನಕ್ಕೆ ಹಿಂದಿನ ಗಾಲಿಗಳನ್ನೂ ತಿರುಗಿಸುವ ಏರ್ಪಾಡನ್ನು ತಮ್ಮ ಕಾರ್ಯಾಗಾರದಲ್ಲೇ ಕೂಡಿಸಿ ತೋರಿಸಿದರು. ಅದರ ಫಲವಾಗಿ 1972ರಲ್ಲಿ 'ಲಿಯೋನ್' ಎಂಬ ನಾಲ್ಕು ಗಾಲಿ ಎಳೆತದ ವಾಹನವು ಕಾರ್ಖಾನೆಯಿಂದ ಹೊರಬಂತು. ಬ್ರಂಬಿ ಅದರ ವಂಶದ್ದು.

ಇನ್ನು ಯಂತ್ರದ ಮರ್ಮ. ನಮ್ಮ ಮನೆಯ ಚಕ್ಕಡಿಯನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಚಕ್ಕಡಿಯ ಇರುಸು ತಿರುಗುವುದಿಲ್ಲ. ಅದರ ಎರಡು ತುದಿಗಳಲ್ಲಿ ಗಾಲಿಗಳು ತಮ್ಮ ಪಾಡಿಗೆ ತಾವು ತಿರುಗುತ್ತವೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಉರುಳಬೇಕು, ಒಳಗಿನದು ಕಡಮೆ. ಎಳೆಯುವುದು ಎತ್ತುಗಳಾದ್ದರಿಂದ ಗಾಲಿಗಳಿಗೆ ಜಗಳವಿಲ್ಲ. ಮೋಟಾರಿನಲ್ಲಿ ಗಾಲಿಯನ್ನೇ ತಿರುಗಿಸಬೇಕು. ಎರಡು ಗಾಲಿಗಳಿಗೂ ಬಲವನ್ನು ಹಂಚಿ, ತಿರುವಿನಲ್ಲಿ ಹೆಚ್ಚುಕಡಮೆ ಸುತ್ತಲು ಅವಕ್ಕೆ ಬಿಡುವು ಕೊಡುವ ಹಲ್ಲುಚಕ್ರಗಳ ಪೆಟ್ಟಿಗೆಗೆ ಡಿಫರೆನ್ಷಿಯಲ್ ಎಂದು ಹೆಸರು. ಅದರ ಗುಣವೇ ದೋಷವೂ ಹೌದು. ಬಲವನ್ನು ಸಮನಾಗಿ ಹಂಚುವುದರಿಂದ ಒಂದು ಗಾಲಿ ಕೆಸರಿನಲ್ಲಿ ಜಾರಿ ಸುಮ್ಮನೆ ಸುತ್ತತೊಡಗಿದರೆ ಇನ್ನೊಂದಕ್ಕೂ ಅಷ್ಟೇ ಅಲ್ಪಬಲ ಸಿಕ್ಕುತ್ತದೆ. ವಾಹನ ನಿಂತಲ್ಲೇ ನಿಲ್ಲುತ್ತದೆ.

ಬ್ರಂಬಿಯ ಮುಂದಿನ ಡಿಫರೆನ್ಷಿಯಲ್ಲು ಗೇರುಪೆಟ್ಟಿಗೆಯ ಒಡಲೊಳಗೇ ಇದೆ. ಹಿಂದಿನದು ಬೇರೆ, ಉದ್ದನೆಯ ದಂಡವೊಂದು ಅಲ್ಲಿಗೆ ಬಲವನ್ನು ಒಯ್ಯುತ್ತದೆ. ಚಾಲಕನ ಬದಿಯ ಒಂದು ಕೈಹಿಡಿಗೆ ಮೂರು ಸ್ಥಾನಗಳು: ಮುಂಗಾಲಿಗಳ ಎಳೆತ, ನಾಲ್ಕೂ ಗಾಲಿಗಳ ಎಳೆತ, ನಾಲ್ಕೂ ಗಾಲಿಗಳ ನಿಧಾನದ ಎಳೆತ. ನಾಲ್ಕಕ್ಕೂ ಕೊಟ್ಟಾಗ ಮುಂದು ಹಿಂದುಗಳು ಬಿಗಿಯಾಗಿ ಕೂಡಿಕೊಳ್ಳುತ್ತವೆ. ಮಣ್ಣಿನಲ್ಲಿ, ಹಿಮದಲ್ಲಿ ಅದು ವರ. ಒಣಗಿದ ಡಾಂಬರು ರಸ್ತೆಯಲ್ಲಿ ಹಾಗೆಯೇ ತಿರುಗಿಸಿದರೆ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದೂರ ಹೋಗಬೇಕಾಗಿ, ಜಾರಲು ಎಡೆಯಿಲ್ಲದೆ, ಆ ಸೆಣಸೆಲ್ಲ ದಂಡದಲ್ಲಿ ತಿರುಚಿಕೊಂಡು ಹಲ್ಲುಗಳನ್ನು ತಿನ್ನುತ್ತದೆ.

ಈ ವಾಹನದ ಒಡತಿ ಎಪ್ಪತ್ತು ದಾಟಿದ ಒಬ್ಬ ವಿಧವೆ. ಗಂಡನು ಮೂವತ್ತು ವರ್ಷ ಓಡಿಸಿದ ವಾಹನವದು. ಆಕೆಯ ಮನೆಗೂ ಸರ್ಕಾರಿ ರಸ್ತೆಗೂ ನಡುವೆ ಒಂದು ಕಡಿದಾದ ಇಳಿಜಾರು, ಕೆಳಗೆ ಒಂದು ಹಳ್ಳ. ಒಬ್ಬಳೇ ಅಲ್ಲಿರುವುದು ಬೇಡ, ಜಮೀನು ಮಾರಿ ಪಟ್ಟಣಕ್ಕೆ ಬಾ ಎಂದು ಮಕ್ಕಳ ಒತ್ತಾಯ. ಆ ಇಳಿಜಾರನ್ನು ತಾನೇ ಇಳಿದು ಹತ್ತುವವರೆಗೆ ಬರುವುದಿಲ್ಲವೆಂದು ಆಕೆಯ ಹಟ. ಹೊಸ ವಾಹನಗಳು ಅವಳಿಗೆ ಒಗ್ಗಲಿಲ್ಲ. ವಾಹನವನ್ನು ಗಟ್ಟಿಮಾಡಿ ಕೊಡು, ಕೈಹಿಡಿಗಳು ಮಾತ್ರ ಇದ್ದಲ್ಲೇ ಇರಲಿ ಎಂದು ಆಕೆ ಹೇಳಿದ್ದಳು. ಒಂದು ಗೇರುಪೆಟ್ಟಿಗೆಯ ಮೇಲೆ ಒಂದು ಮನೆ ನಿಂತಿತ್ತೆಂದರೆ ಅತಿಶಯೋಕ್ತಿಯಲ್ಲ.

ಶಿಷ್ಯನ ಗೆಳೆಯರು ಸಲಹೆ ಕೊಡಲು ಬಂದರು. ಇಂಥ ವಾಹನಗಳನ್ನು ಕಾಡುದಾರಿಗೆ ಅಣಿಮಾಡುವುದು ಆ ದೇಶದಲ್ಲಿ ಅನೇಕರ ಹವ್ಯಾಸ. ಬ್ರಂಬಿಯ ಮೂಲ ಎಂಜಿನ್ 1,781 ಘನ ಸೆಂಟಿಮೀಟರಿನದು. ಅದರ ಬಲ ಸುಮಾರು 70 ಅಶ್ವಶಕ್ತಿ. ಕೊಂತಗಳು ಎಡಬಲಗಳಲ್ಲಿ ಎದುರುಬದುರಾಗಿ ಮಲಗಿರುವುದು ಸುಬಾರುವಿನ ವೈಶಿಷ್ಟ್ಯ. ಭಾರವು ನೆಲಕ್ಕೆ ಹತ್ತಿರ ಉಳಿಯುತ್ತದೆ. ಇದನ್ನು ತೆಗೆದು, 1989ರಿಂದ ಬಂದ 'ಲಿಬರ್ಟಿ' ಕಾರಿನ 2,212 ಘನ ಸೆಂಟಿಮೀಟರಿನ, 130ಕ್ಕೂ ಹೆಚ್ಚು ಅಶ್ವಶಕ್ತಿಯ ಎಂಜಿನ್ ಕೂಡಿಸೆಂದು ಎಲ್ಲರ ಮಾತು. ಕೂಡಿಸಬಹುದು. ಬೋಲ್ಟುಗಳ ರಂಧ್ರಗಳು ತಾಳೆಯಾಗದ್ದರಿಂದ ನಡುವೆ ಒಂದು ದಪ್ಪ ತಗಡನ್ನು ಕೊರೆದು ಹಾಕಬೇಕು. ಹೊಸ ಎಂಜಿನ್ನಿನ ಗಣಕವನ್ನೂ ತಂತಿಗಳನ್ನೂ ಜೊತೆಗೆ ತರಬೇಕು. ಇಂಧನದ ಪಂಪು, ನೀರು ತಣಿಸುವ ರೇಡಿಯೇಟರು ಬದಲಾಗಬೇಕು. ಅಧಿಕೃತ ಎಂಜಿನಿಯರರ ಪ್ರಮಾಣಪತ್ರವೂ ಬೇಕು. ಎಲ್ಲವೂ ಅವನ ಕೈಗೆ ಸಾಧ್ಯವಿತ್ತು. ಆದರೂ ಅವನು ಒಪ್ಪಲಿಲ್ಲ.

"ಎಂಜಿನ್ ದೊಡ್ಡದು ಮಾಡಿದ್ರ ಅದರ ಏಟು ಗೇರಿನ ಮ್ಯಾಲೆ ಬೀಳತೈತ್ರಿ. ಗೇರು ಗಟ್ಟಿ ಮಾಡಿದ್ರ ಇರುಸಿನ ಮ್ಯಾಲೆ. ಒಂದು ಬದಲು ಮಾಡಿದವ ಕಡೀತನಕ ಹೋಗಬೇಕಾಗತೈತ್ರಿ. ಅವ್ವಾರಿಗೆ ಬೇಕಾಗಿರೂದು ಓಟ ಅಲ್ರಿ, ಹಿಡಿತ" ಎಂದನು. 70 ಅಶ್ವಶಕ್ತಿಗೆಂದು ಎರಕಹೊಯ್ದ ಪೆಟ್ಟಿಗೆಗೆ ಅದರ ಇಮ್ಮಡಿ ಹೊರಿಸಿದರೆ ಹಲ್ಲು ಮುರಿಯುವುದು ಉಂಟು. ಮುಂದಿನ ಡಿಫರೆನ್ಷಿಯಲ್ಲು ಅದರೊಳಗೇ ಇರುವುದರಿಂದ ಕೆಡುಕು ಅಲ್ಲಿಗೂ ಹಬ್ಬೀತು.

ಅವನು ಮಾಡಿದ ಮುಖ್ಯ ಬದಲಾವಣೆ ಗೇರುಪೆಟ್ಟಿಗೆಯದು. ಬ್ರಂಬಿಯ ನಾಲ್ಕು ಗೇರಿನ ಪೆಟ್ಟಿಗೆಯಲ್ಲಿ ನಿಧಾನದ ಸ್ಥಾನವು ಗಾಲಿಯ ಸುತ್ತನ್ನು ಸುಮಾರು 1.46 ಪಾಲು ತಗ್ಗಿಸಿ ಅಷ್ಟೇ ಪಾಲು ತಿರುಗುಬಲವನ್ನು ಹೆಚ್ಚಿಸುತ್ತದೆ. ನಮ್ಮ ಕಡೆಯ ಜೀಪುಗಳಲ್ಲಿ ಇದು ಎರಡು ಎರಡೂವರೆ ಪಾಲು ಇರುವುದನ್ನು ಬಲ್ಲವರು ಬ್ರಂಬಿಯ ಕೊರತೆಯನ್ನು ಊಹಿಸಬಲ್ಲರು. ಅದೇ ಕಂಪನಿಯು 1984ರ ನಂತರ ತಂದ, ಅಲ್ಲಿ 'ಎಲ್ ಶ್ರೇಣಿ' ಎಂದು ಕರೆಯುವ ಕಾರಿನ ಐದು ಗೇರಿನ ಪೆಟ್ಟಿಗೆಯಲ್ಲಿ ಅದು ಸುಮಾರು 1.59. ಗುಜರಿ ಸೇರಿದ್ದ ಕಾರೊಂದರಿಂದ ಅದನ್ನು ತೆಗೆದು, ಬಿಚ್ಚಿ ತೊಳೆದು, ಸವೆದ ಬೇರಿಂಗುಗಳನ್ನು ಬದಲಿಸಿ, ಹಿಂದಿನ ದಂಡವನ್ನು ಅಳತೆಗೆ ಸರಿಯಾಗಿ ಕತ್ತರಿಸಿ ಜೋಡಿಸಿದನು. ಕೈಹಿಡಿ ಮೊದಲಿನ ಜಾಗದಲ್ಲೇ, ಅದೇ ಮೂರು ಸ್ಥಾನಗಳೊಡನೆ ಉಳಿಯಿತು.

ಟೈರಿನ ವಿಷಯದಲ್ಲಿ ಒಂದು ಸಣ್ಣ ಲೆಕ್ಕವನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಮಾಡಿ ತೋರಿಸಿದನು. ಮೂಲ ಟೈರಿನ ಎತ್ತರ ಸುಮಾರು 23 ಅಂಗುಲ. ಚೆಂದಕ್ಕೆಂದು 25 ಅಂಗುಲದ್ದನ್ನು ಹಾಕಿದರೆ ಒಂದು ಸುತ್ತಿಗೆ ಹೋಗುವ ದೂರ ನೂರಕ್ಕೆ ಒಂಬತ್ತರಷ್ಟು ಹೆಚ್ಚುತ್ತದೆ. 1.46ರಿಂದ 1.59ಕ್ಕೆ ಇಳಿಸಿದ ಲಾಭವೂ ನೂರಕ್ಕೆ ಒಂಬತ್ತೇ. ಗೇರಿನಲ್ಲಿ ಗಳಿಸಿದ್ದೆಲ್ಲ ಟೈರಿನಲ್ಲಿ ಕರಗಿತೆಂದಾಯಿತು. ಆದಕಾರಣ ಟೈರು ಅದೇ ಎತ್ತರದ್ದೇ ಇರಲಿ, ಮೈಮೇಲಿನ ಕಚ್ಚು ಮಾತ್ರ ಆಳವಾಗಿರಲಿ ಎಂದು ನಿರ್ಧರಿಸಿದನು. ವಾಹನದ ಮೈಗೂ ಕೆಳಗಿನ ಅಡ್ಡತೊಲೆಗೂ ನಡುವೆ ದಿಂಡುಗಳನ್ನಿಟ್ಟು ಎರಡು ಅಂಗುಲ ಮಾತ್ರ ಮೇಲೆತ್ತಿದನು. ಅದಕ್ಕೆ ತಕ್ಕಂತೆ ಸ್ಟಿಯರಿಂಗ್ ದಂಡವನ್ನು ಉದ್ದಮಾಡಿದನು. ಬ್ರೇಕಿನ ನಳಿಗೆಗಳು ಜಗ್ಗದಂತೆ ನೋಡಿದನು. ಗಾಲಿಗೆ ಬಲ ಒಯ್ಯುವ ಕೀಲುಗಳ ರಬ್ಬರು ಚೀಲಗಳನ್ನು ಹೊಸದಾಗಿ ತೊಡಿಸಿದನು; ಚೀಲ ಹರಿದು ಧೂಳು ಹೊಕ್ಕರೆ ಕೀಲೆಣ್ಣೆ ಕೆಟ್ಟು ಕೀಲು ಟಕಟಕ ಎನ್ನುತ್ತದೆ.

ಹಿಂದಿನ ಡಿಫರೆನ್ಷಿಯಲ್ಲಿನ ಒಳಹಲ್ಲುಗಳನ್ನು ಬೆಸುಗೆ ಹಾಕಿ ಬಿಗಿದರೆ ಎರಡು ಹಿಂಗಾಲಿಗಳೂ ಸದಾ ಜೊತೆಯಾಗಿ ತಿರುಗುತ್ತವೆ. ಕೆಸರು ಕಲ್ಲುಗಳಲ್ಲಿ ಇದು ಬಹಳ ಉಪಕಾರಿ. ಅಗ್ಗದ ಉಪಾಯವಾದ್ದರಿಂದ ಹವ್ಯಾಸಿಗಳು ಹೆಚ್ಚಾಗಿ ಇದನ್ನೇ ಮಾಡುತ್ತಾರೆ. ಆದರೆ ಬಿಗಿದದ್ದು ಸಡಿಲವಾಗದು. ಡಾಂಬರು ರಸ್ತೆಯ ಪ್ರತಿ ತಿರುವಿನಲ್ಲೂ ಟೈರು ಉಜ್ಜುತ್ತದೆ, ದಂಡಗಳು ನಲುಗುತ್ತವೆ. ಸಂತೆಗೂ ಆಸ್ಪತ್ರೆಗೂ ಅದರಲ್ಲೇ ಹೋಗಬೇಕಾದ ವೃದ್ಧೆಗೆ ಅದು ತಕ್ಕದ್ದಲ್ಲವೆಂದು ಅದನ್ನು ಮುಟ್ಟಲಿಲ್ಲ.

ಏಪ್ರಿಲ್ ಕೊನೆಯಲ್ಲಿ ಪರೀಕ್ಷೆಯಾಯಿತು. ಮೊದಲು ಶಿಷ್ಯನೊಬ್ಬನೇ ಮೂರು ಸಲ ಇಳಿದು ಹತ್ತಿದನು. ಅನಂತರ ಆಕೆ ಚಾಲಕಸ್ಥಾನದಲ್ಲಿ ಕುಳಿತಳು. ಪಕ್ಕದ ಸ್ಥಾನ ನನ್ನದು. ಇಳಿಜಾರಿನ ತಲೆಯಲ್ಲಿ ನಿಲ್ಲಿಸಿ ಕೈಹಿಡಿಯನ್ನು ನಿಧಾನಕ್ಕೆ ಹಾಕಿ, ಮೊದಲನೆಯ ಗೇರಿನಲ್ಲಿ ಬಿಟ್ಟಳು. ಬ್ರೇಕಿನ ಮೇಲೆ ಕಾಲಿಡಲಿಲ್ಲ. ಎಂಜಿನ್ನೇ ವಾಹನವನ್ನು ಹಿಂದಕ್ಕೆ ಹಿಡಿದಂತೆ, ಮನುಷ್ಯ ನಡೆಯುವ ವೇಗದಲ್ಲಿ, ಸಡಿಲ ಕಲ್ಲುಗಳ ಮೇಲೆ ಅದು ಇಳಿಯಿತು. ಹಳ್ಳದಲ್ಲಿ ಮೊಳಕಾಲು ಮುಟ್ಟದ ನೀರು, ದಾಟಿತು. ಎದುರು ದಂಡೆಯಲ್ಲಿ ಒಂದು ಹಿಂಗಾಲಿ ಎರಡು ಸುತ್ತು ಜಾರಿ, ಮುಂಗಾಲಿಗಳು ಎಳೆದುಕೊಂಡು ಮೇಲಕ್ಕೆ ಬಂದವು. ಆಕೆ ಏನೂ ಮಾತಾಡಲಿಲ್ಲ. ವಾಹನ ತಿರುಗಿಸಿ ಅದೇ ದಾರಿಯಲ್ಲಿ ಮನೆಗೆ ಹೋದಳು. ಆ ಚಳಿಗಾಲವನ್ನು ಅವಳು ಆ ಮನೆಯಲ್ಲೇ ಕಳೆದಳೆಂದು ಶಿಷ್ಯನು ಅನಂತರ ಪತ್ರ ಬರೆದನು.

ಹಳೆಯದನ್ನು ಇಟ್ಟುಕೊಳ್ಳಬೇಕೋ ಹೊಸದನ್ನು ತರಬೇಕೋ ಎಂದು ನಾವು ವಾದಿಸುತ್ತೇವೆ. ಆ ಕಾರ್ಯಾಗಾರದಲ್ಲಿ ನಾನು ಕಂಡದ್ದು ಬೇರೊಂದು ಪ್ರಶ್ನೆ: ಯಾರಿಗಾಗಿ, ಯಾವ ದಾರಿಗಾಗಿ? ಅದು ಗೊತ್ತಾದ ಮೇಲೆ ಯಾವುದನ್ನು ಬದಲಿಸಬೇಕು, ಯಾವುದನ್ನು ಮುಟ್ಟಬಾರದು ಎಂಬುದು ತಾನಾಗಿ ಗೋಚರಿಸುತ್ತದೆ. ಮಾಡಲು ಬಲ್ಲದ್ದನ್ನೆಲ್ಲ ಮಾಡದಿರುವುದೂ ವಿದ್ಯೆಯ ಒಂದು ಭಾಗ.

ಕೊನೆಗೊಂದು ಬಿನ್ನಹ. ಪುಸ್ತಕಕ್ಕಿಂತ ಕೈಯಿಂದ ಬೇಗ ಕಲಿಯುವ ಮಕ್ಕಳು ನಮ್ಮ ಪ್ರತಿ ತರಗತಿಯಲ್ಲೂ ಇದ್ದಾರೆ. ಅವರಿಗಾಗಿ ಶಾಲೆಯಲ್ಲಿ ಒಂದು ಕೊಠಡಿ, ಬಿಚ್ಚಿ ಜೋಡಿಸಲು ಒಂದು ಹಳೆಯ ಎಂಜಿನ್, ಒಂದು ಗೇರುಪೆಟ್ಟಿಗೆ, ಕಲಿಸಬಲ್ಲ ಒಬ್ಬ ಕುಶಲಿ ಇದ್ದರೆ ಸಾಕು. ಉಪಕರಣಗಳ ವೆಚ್ಚವನ್ನು ತಾನು ವಹಿಸುವುದಾಗಿ ಶಿಷ್ಯನು ತಿಳಿಸಿದ್ದಾನೆ. ಉಳಿದುದಕ್ಕೆ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಮನಸ್ಸು ಮಾಡಬೇಕು. ಇರುಸು, ಕೀಲು, ಕಡೆಗೀಲುಗಳಿಂದ ಮೊದಲುಗೊಂಡು ಭಾಗಭಾಗಕ್ಕೂ ಮಕ್ಕಳಿಗೆ ತಿಳಿಯುವ ಹೆಸರುಗಳನ್ನು ಬರೆದು ಗೋಡೆಗೆ ತೂಗುಹಾಕುವ ಕೆಲಸ ನನ್ನದು. ಪಟ್ಟಿಯನ್ನು ಈಗಾಗಲೇ ಆರಂಭಿಸಿದ್ದೇನೆ.