ಮಳೆಯ ನಕ್ಷತ್ರ, ಕಣ್ಣಿನ ನಕ್ಷತ್ರ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಆಕಾಶವೀಕ್ಷಣೆಯ ವರ್ಷವು ಜನವರಿಯಿಂದಲೂ ಆರಂಭವಾಗುವುದಿಲ್ಲ, ಯುಗಾದಿಯಿಂದಲೂ ಅಲ್ಲ. ಸ್ವಾತಿ ಮಳೆ ಹಿಂದೆ ಸರಿದು ಭತ್ತದ ಗದ್ದೆಗಳು ಹಳದಿಗೆ ತಿರುಗುವ ನವೆಂಬರಿನಲ್ಲಿ, ನಾಲ್ಕೈದು ತಿಂಗಳ ಮೋಡ ಚದುರಿದ ಮೇಲೆ ಆರಂಭವಾಗುತ್ತದೆ. ಹವ್ಯಾಸಿಗೆ ಆಗ ಬೇಕಾಗುವುದು ಅಮಾವಾಸ್ಯೆಯ ಆಸುಪಾಸಿನ ರಾತ್ರಿ, ಮರಗಳು ದಿಗಂತವನ್ನು ಮರೆಮಾಡದ ಒಂದು ಕೆರೆಯ ಏರಿ, ಕತ್ತಲಿಗೆ ಕಣ್ಣು ಒಗ್ಗುವ ತನಕ ಇಪ್ಪತ್ತು ನಿಮಿಷದ ತಾಳ್ಮೆ. ಕೆರೆಗಳಿಗೆ ಈ ಸೀಮೆಯಲ್ಲಿ ಬರವಿಲ್ಲ, ತಾಳ್ಮೆಯ ವಿಷಯ ಬೇರೆ.

ನವೆಂಬರಿನ ರಾತ್ರಿ ಒಂಬತ್ತರ ವೇಳೆಗೆ ಉತ್ತರಾಕಾಶದ ಎತ್ತರದಲ್ಲಿ ದೇವಯಾನಿ ಗೆಲಾಕ್ಸಿಯು ಮಸುಕಾದ ಬೆಳಕಿನ ತೇಪೆಯಂತೆ ಬರಿಗಣ್ಣಿಗೇ ಕಾಣುತ್ತದೆ. ಅದರಿಂದ ಹೊರಟ ಬೆಳಕು ಇಲ್ಲಿಗೆ ತಲುಪಲು ಸುಮಾರು 25 ಲಕ್ಷ ವರ್ಷಗಳು ಬೇಕು. ಡಿಸೆಂಬರಿನಲ್ಲಿ ಕೃತ್ತಿಕೆಯ ಗುಂಪು ನೆತ್ತಿಯ ಸಮೀಪಕ್ಕೆ ಬರುತ್ತದೆ, ಮತ್ತು ತಿಂಗಳ 13–14ರ ರಾತ್ರಿ ಮಿಥುನ ರಾಶಿಯ ದಿಕ್ಕಿನಿಂದ ಉಲ್ಕೆಗಳು ಸುರಿಯುತ್ತವೆ. ಇವು ಫೇಥಾನ್ ಎಂಬ ಕ್ಷುದ್ರಗ್ರಹವು ತನ್ನ ಹಾದಿಯಲ್ಲಿ ಬಿಟ್ಟುಹೋದ ಧೂಳಿನ ಕಣಗಳು ಭೂಮಿಯ ವಾಯುಮಂಡಲದಲ್ಲಿ ಉರಿಯುವುದರಿಂದ ಉಂಟಾಗುವಂಥವು. ಜನವರಿ ಬೇಟೆಗಾರನ ಆಕಾರದ ನಕ್ಷತ್ರಪುಂಜವಾದ ಮಹಾವ್ಯಾಧನ ತಿಂಗಳು. ಅವನ ಸೊಂಟಪಟ್ಟಿಯ ಮೂರು ನಕ್ಷತ್ರಗಳ ಕೆಳಗಿನ ನೀಹಾರಿಕೆಯನ್ನು, ಅಂದರೆ ಹೊಸ ನಕ್ಷತ್ರಗಳು ರೂಪುಗೊಳ್ಳುತ್ತಿರುವ ಅನಿಲರಾಶಿಯನ್ನು, ಸಾಧಾರಣ ಬೈನಾಕ್ಯುಲರ್‌ ತೋರಿಸಿಕೊಡುತ್ತದೆ.

ಈ ಊರುಗಳು ಉತ್ತರ ಅಕ್ಷಾಂಶದ ಸುಮಾರು 14 ಡಿಗ್ರಿಯಲ್ಲಿರುವುದರಿಂದ ಧ್ರುವ ನಕ್ಷತ್ರವು ದಿಗಂತದಿಂದ ಅಷ್ಟೇ ಡಿಗ್ರಿ ಮೇಲಿದ್ದು, ಅಡಿಕೆ ತೋಟವೊಂದು ಅಡ್ಡ ಬಂದರೆ ಸಾಕು, ಕಾಣದಾಗುತ್ತದೆ. ಆದರೆ ಉತ್ತರದಲ್ಲಿ ಆದ ಈ ನಷ್ಟವನ್ನು ದಕ್ಷಿಣವು ಧಾರಾಳವಾಗಿ ತುಂಬಿಕೊಡುತ್ತದೆ. ಲಂಡನ್ನಿನವರು ತಮ್ಮೂರಿನಿಂದ ಎಂದೂ ನೋಡಲಾರದ ಅಗಸ್ತ್ಯ ನಕ್ಷತ್ರವು ಫೆಬ್ರವರಿಯ ರಾತ್ರಿಗಳಲ್ಲಿ ಇಲ್ಲಿ 23 ಡಿಗ್ರಿಯವರೆಗೆ ಏರುತ್ತದೆ. ಮೇ ತಿಂಗಳಲ್ಲಿ, ಗುಡುಗಿನ ಮೋಡಗಳು ಎಡೆಗೊಟ್ಟರೆ, ಉತ್ತರದಲ್ಲಿ ಸಪ್ತರ್ಷಿಗಳೂ ದಕ್ಷಿಣದ ಅಂಚಿನಲ್ಲಿ ತ್ರಿಶಂಕುವೂ ಏಕಕಾಲಕ್ಕೆ ಕಾಣಸಿಗುತ್ತವೆ. ಜೂನ್‌ನಿಂದ ಮುಂದೆ ಆಕಾಶ ಮುಚ್ಚುವುದರಿಂದ, ಮಳೆಗಾಲದ ಮುಸ್ಸಂಜೆಗಳಿಗೆ ಸೇರಿದ ವೃಶ್ಚಿಕವನ್ನೂ ಅದರ ಪಕ್ಕದ ಆಕಾಶಗಂಗೆಯ ದಟ್ಟಭಾಗವನ್ನೂ ನೋಡಬಯಸುವವರು ಮಾರ್ಚ್–ಏಪ್ರಿಲ್‌ನಲ್ಲಿ ಬೆಳಗಿನ ಜಾವಕ್ಕೆ ಏಳಬೇಕು.

ಕುತೂಹಲದ ಸಂಗತಿಯೆಂದರೆ, ಏನೂ ಕಾಣದ ಆ ತಿಂಗಳುಗಳಲ್ಲಿಯೇ ಇಲ್ಲಿನ ಜನರ ಬಾಯಲ್ಲಿ ನಕ್ಷತ್ರಗಳ ಹೆಸರು ಹೆಚ್ಚು ಕೇಳಿಬರುತ್ತದೆ. ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ ಎಂದು ರೈತರು ಎಣಿಸುವ ಮಳೆ ನಕ್ಷತ್ರಗಳು, ಸೂರ್ಯನ ಹಾದಿಯನ್ನು 27 ಸಮಭಾಗ ಮಾಡಿದಾಗ ಅವನು ಸುಮಾರು 13–14 ದಿನ ತಂಗುವ ಭಾಗಗಳ ಹೆಸರುಗಳು. ಆದ್ದರಿಂದ ಮಳೆ ಯಾವ ನಕ್ಷತ್ರದ್ದೋ ಆ ನಕ್ಷತ್ರವು ಸೂರ್ಯನ ಜೊತೆಯಲ್ಲಿ ಹಗಲಿನ ಬೆಳಕಿನಲ್ಲಿ ಮುಳುಗಿದ್ದು, ಮೋಡವಿಲ್ಲದಿದ್ದರೂ ಕಾಣುತ್ತಿರಲಿಲ್ಲ. ತಪ್ಪಿದರೆ ದಾರಿದ್ರ್ಯವೆಂದು ಜನ ಅಂಜುವ ಆರಿದ್ರೆಯನ್ನು ಮಹಾವ್ಯಾಧನ ಭುಜದ ಕೆಂಪು ನಕ್ಷತ್ರವಾಗಿ ಗುರುತಿಸುವುದು ರೂಢಿ. ಅದು ರಾತ್ರಿಯಿಡೀ ಬೆಳಗುವುದು ಆ ಮಳೆ ಮುಗಿದು ಆರು ತಿಂಗಳ ನಂತರ, ಸುಗ್ಗಿಯ ಹೊತ್ತಿಗೆ. ಇದನ್ನು ಅಜ್ಞಾನವೆನ್ನಲಾಗದು: ಇದು ನೋಟದ ಜ್ಞಾನವಲ್ಲ, ಗಣಿತದ ಜ್ಞಾನ, ಮತ್ತು ಈ ನೆಲದಲ್ಲಿ ಅದು ಹಳೆಯದು, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಶಾಸನಗಳು ದಾನದ ಕಾಲವನ್ನು ಗ್ರಹಣ, ಸಂಕ್ರಮಣಗಳಿಂದ ಗುರುತಿಸುತ್ತವೆ.

ಆ ಗಣಿತಕ್ಕೂ ಒಂದು ತೊಡಕುಂಟು. ಭೂಮಿಯ ಅಕ್ಷವು ಸುಮಾರು 26,000 ವರ್ಷಗಳಿಗೊಂದು ಸುತ್ತಿನಂತೆ ನಿಧಾನವಾಗಿ ತನ್ನ ದಿಕ್ಕನ್ನು ಬದಲಿಸುವ ಅಯನಚಲನೆಯಿಂದಾಗಿ, ನಕ್ಷತ್ರಗಳನ್ನು ಆಧರಿಸಿದ ಪಂಚಾಂಗವು ಋತುಗಳಿಗಿಂತ ಸುಮಾರು 72 ವರ್ಷಕ್ಕೆ ಒಂದು ದಿನ ಹಿಂದೆ ಬೀಳುತ್ತದೆ. ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯದ ಕಾಲದಲ್ಲಿ, ಅಂದರೆ ಹನ್ನೊಂದನೆಯ ಶತಮಾನದಲ್ಲಿ, ಸೂರ್ಯನು ಆರಿದ್ರೆಯನ್ನು ಪ್ರವೇಶಿಸುತ್ತಿದ್ದುದು ಈಗಿನದಕ್ಕಿಂತ ಸುಮಾರು ಎರಡು ವಾರ ಮೊದಲು, ಮುಂಗಾರು ಆಗಷ್ಟೇ ಕಾಲಿಡುವ ದಿನಗಳಲ್ಲಿ. ಇಂದು ಮೃಗಶಿರದ ಲೆಕ್ಕಕ್ಕೆ ಸೇರುವ ಮಳೆಯನ್ನು ಅಂದಿನ ಪಂಚಾಂಗವು ಆರಿದ್ರೆಯ ಲೆಕ್ಕದಲ್ಲಿ ಬರೆಯುತ್ತಿತ್ತು.